ಬೆನ್ನ ಹಿಂದಿನ ಖೋ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನನ್ನ ಕೋಣೆಯ ಜೊತೆಗಾರ ಒಂದಲ್ಲ ಒಂದು ದಿನ ನನ್ನ ಮೇಲೆ ನಿಮ್ಮಲ್ಲಿ ದೂರು ಹೇಳುತ್ತಾನೆಂದು ನನಗೆ ಮೊದಲಿನಿಂದಲೂ ಅನುಮಾನವಿತ್ತು. ಅದಕ್ಕೇ ಅವನೊಡನೆ ಮಾತು ಬಿಟ್ಟೆ. ನಿನ್ನೆ ಅವನು ದೂರು ಹೇಳಿಯೇಬಿಟ್ಟ. ನಿಜವಾದ ಅನುಮಾನವನ್ನು ತಪ್ಪು ಎನ್ನುವುದು ಹೇಗೆ?"

ಗುರು ಹೇಳಿದರು:

ಒಂದು ಸಣ್ಣ ಊರಿನ ಸರ್ಕಾರಿ ಹೈಸ್ಕೂಲಿನ ಖೋಖೋ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ತಾಲ್ಲೂಕು ಪಂದ್ಯದಲ್ಲಿ ಚೆನ್ನಾಗಿ ಆಡಿದವರನ್ನು ಜಿಲ್ಲಾ ತಂಡಕ್ಕೆ ಆರಿಸುತ್ತಾರೆ. ಹತ್ತನೇ ತರಗತಿಯಲ್ಲಿದ್ದ ಅವಳಿಗೆ ಅದೇ ಕೊನೆಯ ಅವಕಾಶ. ಪಂದ್ಯದ ಹಿಂದಿನ ದಿನ ತಂಡದ ನಾಯಕಿ ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ಇವಳು ಹತ್ತಿರ ಬಂದದ್ದೇ ಮಾತು ನಿಂತಿತು. ನಾಳೆ ನನ್ನನ್ನು ಬಿಟ್ಟು ಅವಳಿಗೇ ಖೋ ಕೊಡುತ್ತಾಳೆ ಎಂದು ಹುಡುಗಿ ಅಂದುಕೊಂಡಳು. ಬೆಳಿಗ್ಗೆ ಬಸ್ಸಿನಲ್ಲಿ ನಾಯಕಿ ಕಡಲೆಕಾಯಿ ಕೊಟ್ಟಳು. ಇವತ್ತೇಕೆ ಇಷ್ಟು ಪ್ರೀತಿ ಎಂದುಕೊಂಡು ಹುಡುಗಿ ಅದನ್ನು ಕಿಟಕಿಯಿಂದಾಚೆ ಹಾಕಿದಳು.

ಖೋಖೋದಲ್ಲಿ ಸಾಲಾಗಿ ಕೂತವರು ತಾವಾಗಿ ಏಳುವಂತಿಲ್ಲ. ಎದುರಾಳಿಯನ್ನು ಅಟ್ಟುತ್ತಿರುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಎನ್ನಬೇಕು. ಅದಕ್ಕೆ ಮೊದಲೇ ಎದ್ದರೆ ಫೌಲ್.

ಆಟ ಶುರುವಾಯಿತು. ನಾಯಕಿ ಅಟ್ಟುತ್ತಾ ಇವಳ ಹಿಂದೆಯೇ ಬಂದಳು. ಹುಡುಗಿ ತಿರುಗಿ ತಿರುಗಿ ನೋಡುತ್ತಿದ್ದಳು. ಎಲ್ಲಿ ಪಕ್ಕದವಳಿಗೆ ಕೊಟ್ಟುಬಿಡುತ್ತಾಳೋ ಎಂದು, ನಾಯಕಿ ಚಾಚಿದ ಕೈ ತಾಗುವ ಮೊದಲೇ ಎದ್ದಳು. ಅಂಪೈರ್ ಸೀಟಿ ಊದಿದರು. ಎದುರಾಳಿ ತಪ್ಪಿಸಿಕೊಂಡಳು.

"ಬೆನ್ನಲ್ಲೇನು ಕಣ್ಣು ಇಟ್ಕೊಂಡಿದ್ದೀಯ? ಮುಂದೆ ನೋಡ್ಕೊಂಡು ಕೂತ್ಕೊಳ್ಳೇ, ನಾನು ಬರ್ತೀನಿ," ಎಂದಳು ನಾಯಕಿ.

"ಬರ್ತೀಯ, ಬರ್ತೀಯ. ಯಾರ ಹತ್ರ ಅಂತ ಗೊತ್ತು ಕಣೇ."

ಎರಡನೇ ಸಲವೂ ಹಾಗೇ ಆಯಿತು. ಮುಂದಿನ ಸಲ ನಾಯಕಿ ಇವಳನ್ನು ದಾಟಿ ಹೋಗಿ ಆಚೆಯವಳಿಗೆ ಖೋ ಕೊಟ್ಟಳು. ಅಲ್ಲಿಂದ ಆಟ ಮುಗಿಯುವವರೆಗೂ ಇವಳ ಬೆನ್ನು ಯಾರೂ ಮುಟ್ಟಲಿಲ್ಲ. ತಂಡ ಗೆದ್ದಿತು. ಜಿಲ್ಲೆಗೆ ಆರಿಸಿದವರಲ್ಲಿ ಇವಳಿರಲಿಲ್ಲ.

ವಾಪಸ್ ಬರುವಾಗ ಹುಡುಗಿ ಅಳುತ್ತಾ, ನಾಯಕಿ ತನಗೆ ಖೋ ಕೊಡುವುದಿಲ್ಲವೆಂದು ನಿನ್ನೆಯೇ ಗೊತ್ತಿತ್ತು ಎಂದು ಎಲ್ಲರಿಗೂ ಹೇಳಿದಳು. ಅಲ್ಲವೆನ್ನಲು ಯಾರಿಗೂ ಆಗಲಿಲ್ಲ. ಎಲ್ಲರೂ ಕಣ್ಣಾರೆ ನೋಡಿದ್ದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. ಹಾಗಾದರೆ ಅವಳ ಅನುಮಾನವೂ ನನ್ನದರಂತೆ ನಿಜವೇ ಆಯಿತಲ್ಲ ಎಂದ.

"ಮೊದಲ ಸಲ ನಾಯಕಿ ಕೈ ಚಾಚಿದ್ದು ಯಾರ ಬೆನ್ನಿಗೆ?" ಎಂದರು ಗುರು.