ಹೊಯ್ದಾಡುವ ದೋಣಿಗೆ ಸಲಹೆ

ಜೋರಾಗಿ ಓಡುವ ದೋಣಿ ಎಡಬಲಕ್ಕೆ ಹೊಯ್ದಾಡತೊಡಗಿದಾಗ ಇನ್ನಷ್ಟು ವೇಗ ಕೊಟ್ಟರೆ ಸರಿಹೋಗುತ್ತದೆ ಎಂದು ಆ ಬಂದರಿನ ಮೋಟಾರು ದೋಣಿಗಳೆಲ್ಲ ನಂಬಿದ್ದವು. ಹಿಂದಿನ ವರ್ಷದ ಪಂದ್ಯದಲ್ಲಿ ಶರವೇಗ ಎಂಬ ದೋಣಿ ಹಾಗೆ ಹೊಯ್ದಾಡಿಯೂ ಗೆದ್ದಿತ್ತು. ಬೇರೆ ಪುರಾವೆಯನ್ನು ಯಾರೂ ಕೇಳಲಿಲ್ಲ.

ಈ ವರ್ಷದ ಪಂದ್ಯದ ಬೆಳಿಗ್ಗೆ ಬೆಳ್ಳಕ್ಕಿ ಎಂಬ ಹೊಸ ದೋಣಿ ಶರವೇಗದ ಪಕ್ಕಕ್ಕೆ ಬಂತು.

"ಅಣ್ಣಾ, ವೇಗ ಹೆಚ್ಚಿದಂತೆ ನನ್ನ ಮೈ ಹೊಯ್ದಾಡುತ್ತದೆ. ಭಯವಾಗುತ್ತದೆ. ಅಂದು ನೀವು ನಿಜವಾಗಿ ಏನು ಮಾಡಿದಿರಿ?"

ಸುತ್ತಲಿನ ದೋಣಿಗಳು ಕಿವಿಗೊಟ್ಟವು. ಶರವೇಗ ಮೂತಿಯ ಮೇಲಿನ ಹಾರವನ್ನು ಕುಲುಕಿಕೊಂಡಿತು.

"ಮಾಡುವುದೇನು ತಂಗಿ? ಇನ್ನೂ ಜೋರಾಗಿ ನುಗ್ಗಿದೆ. ಅಷ್ಟು ಭಯವಿದ್ದರೆ ಪ್ರವಾಸಿಗರನ್ನು ಸುತ್ತಾಡಿಸು. ಅದೂ ಒಂದು ಕಸುಬೇ."

ದೋಣಿಗಳು ನಕ್ಕವು. ನಗದಿದ್ದರೆ ಚೆನ್ನಾಗಿರದೆಂದು ಬೆಳ್ಳಕ್ಕಿಯೂ ನಕ್ಕಿತು.

ಪಂದ್ಯದ ಕೊನೆಯ ತಿರುವು ದಾಟಿದಾಗ ಬೆಳ್ಳಕ್ಕಿ ಹೊಯ್ದಾಡತೊಡಗಿತು. ಅಣ್ಣ ಹೇಳಿದಂತೆಯೇ ಇನ್ನೂ ಜೋರಾಗಿ ನುಗ್ಗಿತು. ಗಾಳಿಗೆ ಎದ್ದು, ಮಗುಚಿ ಬಿದ್ದು, ಒಡೆದು ಮುಳುಗಿತು.

ಸಂಜೆ ದೋಣಿಗಳು ಬೆಳ್ಳಕ್ಕಿಯ ಧೈರ್ಯವನ್ನು ಹೊಗಳಿದವು. ಹಿಂದಿನ ವರ್ಷ ಹೊಯ್ದಾಟ ಶುರುವಾದಾಗ ಶರವೇಗ ಮೆಲ್ಲಗೆ ವೇಗ ಇಳಿಸಿತ್ತು.