ಬರಿಬಾಗಿಲ ಗಡ್ಡೆ

ಹೊಳೆಗುಂದಿಯ ಕಡವಿನಿಂದ ಹರಿಗೋಲು ಹತ್ತಿದರೆ ಎಲೆಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಕೃಷ್ಣೆಯ ನಡುವಿನ ಆ ಗಡ್ಡೆಯನ್ನು ಮುಟ್ಟಬಹುದು. ಹನ್ನೊಂದು ಕಂಬಗಳು, ಸೊಂಟದೆತ್ತರಕ್ಕೆ ಉಳಿದ ಕೋಣೆಗಳ ಗೋಡೆ, ನಡುನಡುವೆ ಯಾರೂ ನೆಡದೆ ಬೆಳೆದ ಸೀತಾಫಲದ ಗಿಡಗಳು. ಸರ್ಕಾರದ ಫಲಕದಲ್ಲಿ ‘ಜೈನ ಅವಶೇಷ’ ಎಂದಿಷ್ಟೇ ಇದೆ. ಬರೆದವರು ಅಂಬಿಗರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಿಂದೆ ಒಮ್ಮೆ ಇದು ಕಂತಿಯರ, ಎಂದರೆ ಸಂಸಾರ ತೊರೆದು ದೀಕ್ಷೆ ಪಡೆದ ಜೈನ ಸ್ತ್ರೀಯರ ಮಠವಾಗಿತ್ತು ಎನ್ನುತ್ತಾರೆ. ಮೊಸಳೆಗೂ ತುಡುಗರಿಗೂ ಅಂಜಿ ಹೆಬ್ಬಾಗಿಲಿಗೆ ದಪ್ಪನೆಯ ಕದಗಳನ್ನಿಟ್ಟಿದ್ದರಂತೆ. ಆದರೆ ಕಷ್ಟದಲ್ಲಿದ್ದ ಹೆಂಗಸು ಬಂದು ತಟ್ಟಿದರೆ, ಊರು ಕುಲ ಕೇಳದೆ ಅಗಳಿ ತೆಗೆಯಬೇಕು. ಅದು ಮಠದ ಕಟ್ಟಳೆ.

ಆ ಬಾಗಿಲು ಕಾಯುತ್ತಿದ್ದವಳು ಧೃತಿಮತಿ ಕಂತಿ. ಗಂಡ ಸತ್ತ ಮೇಲೆ ಮಗಳು ಚಾಗಲೆಯನ್ನು ಮೈದುನನ ಮನೆಯಲ್ಲಿ ಬಿಟ್ಟು ದೀಕ್ಷೆ ಪಡೆದು ಆರು ವರ್ಷವಾಗಿತ್ತು. ತಲೆಗೂದಲನ್ನು ಕಿತ್ತುಕೊಂಡಾಗ ಕಣ್ಣೀರು ಬರಲಿಲ್ಲ. ಮಗಳು ಕನಸಿಗೆ ಬಂದರೆ ಮಾತ್ರ ಮರುದಿನ ಉಪವಾಸ. ಬಂಧ ಕಳಚುವುದೊಂದೇ ಅವಳ ಹಟ. ಒಂದು ಆಷಾಢದ ಮಧ್ಯಾಹ್ನ, ಉಳಿದವರೆಲ್ಲ ಒಳಗೆ ಪಾಠದಲ್ಲಿದ್ದಾಗ, ಬಾಗಿಲು ತಟ್ಟಿದ ಸದ್ದಾಯಿತು. ಅಗಳಿಗೆ ಕೈ ಹಾಕಿದವಳಿಗೆ ಹೊರಗಿನ ದನಿ ಕೇಳಿ ಕೈ ಅಲ್ಲೇ ನಿಂತಿತು. ಚಾಗಲೆ. ಚಿಕ್ಕಪ್ಪ ತನ್ನನ್ನು ಅರವತ್ತರ ಮುದುಕನಿಗೆ ಕೊಡಲು ಹೊರಟಿದ್ದಾನೆ, ಮೀನುಗಾರರ ಹರಿಗೋಲು ಕದ್ದು ಬಂದಿದ್ದೇನೆ, ಅವನು ಬೆನ್ನು ಹತ್ತಿದ್ದಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

“ಇಲ್ಲಿ ನಿನ್ನ ಅವ್ವ ಇಲ್ಲ,” ಎಂದಳು ಧೃತಿಮತಿ.

ಹೊರಗೆ ಮತ್ತೆ ಕದ ತಟ್ಟಿದ ಸದ್ದಾಯಿತು. ಆಮೇಲೆ, “ಅವ್ವ ಬೇಡ. ಯಾರಾದರೂ ಆಗಿರ್ರಿ. ಬಾಗಿಲು ತೆಗೀರಿ,” ಎಂಬ ದನಿ ಬಂತು.

ಇದು ತನ್ನ ಮೋಹಕ್ಕೆ ಬಂದ ಪರೀಕ್ಷೆ, ಇಂದು ಸೋತರೆ ಆರು ವರ್ಷದ ತಪಸ್ಸೆಲ್ಲ ನೀರುಪಾಲು ಎಂದುಕೊಂಡ ಧೃತಿಮತಿ ಕದಕ್ಕೆ ಬೆನ್ನು ಕೊಟ್ಟು ಕುಳಿತು ಜಪಮಣಿ ಎಣಿಸಿದಳು. ತಟ್ಟುವುದು ನಿಂತಾಗ ಗೆದ್ದೆ ಎನಿಸಿತಂತೆ. ಪಾಠ ಮುಗಿಸಿ ಬಂದ ಮಠದ ಹಿರಿಯಳಾದ ಗುಣಮತಿ ಕಂತಿಗೆ ನಡೆದದ್ದೆಲ್ಲವನ್ನೂ ಒಪ್ಪಿಸಿದಳು. ದನಿಯಲ್ಲಿ ಬಿಗುಮಾನವಿತ್ತು.

“ಬೇರೆಯವರ ಮಗಳಾಗಿದ್ದರೆ ತೆಗೆಯುತ್ತಿದ್ದೆಯಾ?” ಎಂದು ಕೇಳಿದಳು ಗುಣಮತಿ.

“ತೆಗೆಯುತ್ತಿದ್ದೆ, ತಾಯಿ.”

“ಹಾಗಾದರೆ ನೀನು ಏನನ್ನು ಬಿಟ್ಟಂತಾಯಿತು? ನನ್ನ ಮಗಳು ಅಂತಲೇ ಅಲ್ಲವೇ ಅವಳನ್ನು ಹೊರಗಿಟ್ಟದ್ದು?”

ಧೃತಿಮತಿ ಅಗಳಿ ತೆಗೆದಳು. ಮೆಟ್ಟಿಲ ಮೇಲೆ ಒದ್ದೆಯ ಹೆಜ್ಜೆಗಳಿದ್ದವು, ಹರಿಗೋಲಿರಲಿಲ್ಲ. ಚಿಕ್ಕಪ್ಪ ಇನ್ನೊಂದು ಹರಿಗೋಲಿನಲ್ಲಿ ದಡ ಬಿಟ್ಟದ್ದನ್ನು ಕಂಡ ಹುಡುಗಿ ಹೊಸನೀರಿನ ಸೆಳೆತಕ್ಕೇ ಹುಟ್ಟು ಹಾಕಿದಳೆಂದು ಆಚೆ ದಡದ ಮೀನುಗಾರರು ಹೇಳಿದರು. ಮೂರನೆಯ ದಿನ ಕೆಳಗಿನ ಮಡುವಿನ ಲಕ್ಕಿಗಿಡಗಳಲ್ಲಿ ಹರಿಗೋಲು ಸಿಕ್ಕಿತು, ಚಾಗಲೆ ಸಿಗಲಿಲ್ಲ. ದಡ ಸೇರಿ ಯಾವುದೋ ಊರಲ್ಲಿ ಬಾಳಿದಳು ಎನ್ನುವವರಿದ್ದಾರೆ. ಹಾಗೆ ಹೇಳುವಾಗ ಅವರ ದನಿ ತಗ್ಗಿರುತ್ತದೆ.

ಸಾಯುವವರೆಗೆ ಅನ್ನನೀರು ಬಿಡಲು ಧೃತಿಮತಿ ಅಪ್ಪಣೆ ಬೇಡಿದಳಂತೆ. ಗುಣಮತಿ ಕೊಡಲಿಲ್ಲ, ನಾಳೆ ಇನ್ನೊಬ್ಬಳು ಬಂದರೆ ಬಾಗಿಲಲ್ಲಿ ಯಾರಿರಬೇಕು ಎಂದಳು. ಆಗ ಧೃತಿಮತಿ ಆಚೆ ದಡದ ಬಡಗಿಯನ್ನು ಕರೆಸಿ ಎರಡೂ ಕದಗಳನ್ನು ಕೀಳಿಸಿದಳು. ಮತ್ತೆ ಇಪ್ಪತ್ತೆಂಟು ವರ್ಷ ಆ ತೆರವಿನಲ್ಲೇ ಕುಳಿತಿದ್ದಳು. ಬಂದವರನ್ನು ಯಾರೆಂದು ಕೇಳಲಿಲ್ಲ. ಹರಿಗೋಲಿನವರು ‘ಬರಿಬಾಗಿಲ ಗಡ್ಡೆ’ ಎನ್ನತೊಡಗಿದ್ದು ಆಗಿನಿಂದ.

ಈಗಲೂ ಹೋದವರು ಹೊಸ್ತಿಲಲ್ಲಿ ಬಗ್ಗಿ ನೋಡಬೇಕು. ಕದ ತಿರುಗಲು ಕಲ್ಲಿನಲ್ಲಿ ಕೊರೆದ ಎರಡು ಗುಳಿಗಳನ್ನು, ಮತ್ತೆಂದೂ ಯಾರೂ ಕದ ನಿಲ್ಲಿಸದಂತೆ, ಗಚ್ಚುಗಾರೆಯಿಂದ ಮುಚ್ಚಿದ್ದಾರೆ. ಗೌಂಡಿಯ ಕೆಲಸವಲ್ಲ ಅದು. ಅವನಾಗಿದ್ದರೆ ಕರಣೆಯಿಂದ ನಯ ಮಾಡುತ್ತಿದ್ದ. ಇಲ್ಲಿ ಗಾರೆಯ ತುಂಬ ಬೆರಳುಗಳ ಗುರುತು, ಒತ್ತಿ ಒತ್ತಿ ತುಂಬಿದ್ದು.