ಕಿವುಡವ್ವನ ಗಿರಣಿ

ಕರಡಿಹಾಳದ ಹಳ್ಳದ ದಂಡೆಗೆ, ಕಲ್ಲಿನ ಒಡ್ಡಿನ ಕೆಳಗೆ ನಿಂತಿರುವ ನೀರಗಿರಣಿಗೆ ಕಿವುಡವ್ವನ ಗಿರಣಿ ಎಂದು ಹೆಸರು. ಕರೆಂಟಿನ ಗಿರಣಿ ಬಂದಮೇಲೆ ನಲವತ್ತು ವರ್ಷ ಹೂಳಿನಲ್ಲಿ ಮುಚ್ಚಿಹೋಗಿದ್ದ ಇದನ್ನು ಊರವರೇ ಅಗೆದು ತೆಗೆದರು. ಚಕ್ರದ ಅಳತೆ ಯಾರಿಗೂ ನೆನಪಿರಲಿಲ್ಲ. ಬಡಿಗೇರ ಕಾಳಪ್ಪಜ್ಜ ಗೋಡೆಯ ಮೇಲೆ ಹಳೆಯ ಚಕ್ರ ಸವೆಸಿದ್ದ ಗೆರೆಯನ್ನು ಹಗ್ಗದಿಂದ ಅಳೆದು, ಜಾಲಿಯ ಮರದಲ್ಲಿ ಹೊಸದನ್ನು ಕಟ್ಟಿದ. ಹೆಸರಿನ ಮೂಲ ಕೇಳಿದಾಗ, ತನ್ನ ಅಜ್ಜಿಯಿಂದ ಕೇಳಿದ್ದನ್ನು ನನಗೆ ಹೇಳಿದವನೂ ಅವನೇ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಗಾಡಿದಾರಿಯೂ ಇಲ್ಲದ ಕಾಲದಲ್ಲಿ, ಈ ಗಿರಣಿಯನ್ನು ನೀಲವ್ವನೆಂಬ ವಿಧವೆಯೂ ಅವಳ ಮೈದುನ ಸಂಗನಬಸಪ್ಪನೂ ನಡೆಸುತ್ತಿದ್ದರಂತೆ. ಇಪ್ಪತ್ತು ವರ್ಷ ಕಲ್ಲಿನ ಸದ್ದಿನ ಪಕ್ಕದಲ್ಲೇ ಕುಳಿತು ನೀಲವ್ವನ ಕಿವಿ ಹೋಗಿತ್ತು. ಮೈದುನನೇ ಅವಳನ್ನು ಮಂದಿಯ ಮುಂದೆ 'ಕಿವುಡಿ' ಎಂದು ಆಡಿಕೊಳ್ಳುತ್ತಿದ್ದ. ಆದರೆ ಕಲ್ಲಿನ ಮೇಲೆ ಅಂಗೈ ಇಟ್ಟರೆ ಸಾಕು, ಹಿಟ್ಟು ತರಿಯೋ ನುಣುಪೋ ಅವಳಿಗೆ ತಿಳಿಯುತ್ತಿತ್ತು ಎನ್ನುತ್ತಾರೆ.

ಒಂದು ಶ್ರಾವಣದಲ್ಲಿ, ಪಂಚಮಿಯ ಹಿಂದಿನ ದಿನ, ಉಂಡೆಯ ಹಿಟ್ಟಿಗೆಂದು ಊರಿನ ಹೆಂಗಸರು, ಮಕ್ಕಳು ಗಿರಣಿಯಲ್ಲಿ ಕಿಕ್ಕಿರಿದಿದ್ದರು. ಮಧ್ಯಾಹ್ನ ನೀಲವ್ವ ಥಟ್ಟನೆ ಕಲ್ಲಿನಿಂದ ಕೈ ತೆಗೆದು ನೆಲಕ್ಕೆ ಊರಿದಳು. "ಎಲ್ಲಾರೂ ದಿಬ್ಬಾ ಹತ್ರಿ," ಎಂದು ಕೂಗಿದಳು. ಸಂಗನಬಸಪ್ಪ ಬಾಗಿಲತ್ತ ಕೈಮಾಡಿ, "ಮುಗಲು ನಿಚ್ಚಳ ಐತಿ ವೈನಿ, ನಿಮಗೇನ ಕೇಳಸ್ತು?" ಎಂದು ನಕ್ಕ. ಹೆಂಗಸರೂ ನಕ್ಕರು. ಅವನ ತುಟಿ ನೋಡಿಯೇ ಮಾತು ತಿಳಿದ ನೀಲವ್ವ, "ಕಲ್ಲು ನಡಗೂದು ನನಗ ಗೊತ್ತೈತಿ. ಈಗ ನೆಲಾನ ನಡಗಾಕತ್ತೈತಿ," ಎಂದವಳೇ ಹೊರಗೋಡಿ, ಕಾಲುವೆಗೆ ಹಲಗೆ ಇಳಿಸಿ ನೀರು ಕಟ್ಟಿದಳು.

ಚಕ್ರ ನಿಂತಿತು. ಕಲ್ಲಿನ ಸದ್ದು ಅಡಗಿದೊಡನೆ, ಕಿವಿಯಿದ್ದವರಿಗೆಲ್ಲ ಅದು ಕೇಳಿಸಿತು: ಮೇಲಿನ ಸೀಮೆಯಲ್ಲೆಲ್ಲೋ ಸುರಿದ ಮಳೆ ಹಳ್ಳ ಹಿಡಿದು ಮೊರೆಯುತ್ತ ಬರುತ್ತಿತ್ತು. ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ದಿಬ್ಬ ಹತ್ತಿದರು. ಕೊನೆಗೆ ಹೊರಟ ನೀಲವ್ವನನ್ನು ಸಂಗನಬಸಪ್ಪ ಕೈಹಿಡಿದು ಮೇಲೆಳೆದುಕೊಂಡ. ಅವರ ಕಣ್ಣೆದುರೇ ಒಡ್ಡು ಒಡೆದು, ಚಕ್ರವೂ ಚಾವಣಿಯೂ ಕೊಚ್ಚಿಹೋದವು. ಒಂದು ಜೀವವೂ ಹೋಗಲಿಲ್ಲ.

ನೀರು ಇಳಿದಮೇಲೆ ಊರೆಲ್ಲ ಕೂಡಿ ಗಿರಣಿಯನ್ನು ಮತ್ತೆ ಕಟ್ಟಿತು. ಹೆಸರಿಡುವಾಗ ಸಂಗನಬಸಪ್ಪ, "ನಾ ಹೀಯಾಳಿಸಿದ ಮಾತು ನನ್ನ ಬಾಯಾಗ ಕೊಳೀಬಾರದು. ಅವ್ವ ಅಂತ ಸೇರಿಸಿ ಅದನ್ನ ಇಡ್ರಿ," ಎಂದನಂತೆ. ನೀಲವ್ವ ಬೇಡವೆನ್ನಲಿಲ್ಲ.

ಈಗಲೂ ಮಳೆಗಾಲದಲ್ಲಿ ಜೋಳ ಬೀಸುವಾಗ, ದಿನಕ್ಕೊಮ್ಮೆ ನಡುವೆಯೇ ಹಲಗೆ ಇಳಿಸುತ್ತಾರೆ. ನೋಡಲು ಬಂದವರು ಗಿರಣಿ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಕಾಳಪ್ಪಜ್ಜ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಿರಿಸುತ್ತಾನೆ. ಸ್ವಲ್ಪ ಹೊತ್ತು ಎಲ್ಲರೂ ಹಳ್ಳದ ಕಡೆ ಕಿವಿಗೊಟ್ಟು ನಿಲ್ಲುತ್ತಾರೆ.